ವೇಲ್ಸ್ ನಾಡಿನ ವಂದನೆ ಮತ್ತು ವಿದಾಯ

ಇಬ್ಬರು ಮನುಷ್ಯರು ಎದುರಾದಾಗ ಮೊದಲು ಹೊರಡುವ ಮಾತು ಬಹಳ ಚಿಕ್ಕದು. ಅದರಲ್ಲಿ ಸುದ್ದಿಯಿಲ್ಲ, ವಾದವಿಲ್ಲ, ಬೇಡಿಕೆಯೂ ಇಲ್ಲ. ಆದರೂ ಆ ಮಾತನ್ನು ಆಡದೆ ನೇರವಾಗಿ ಕೆಲಸದ ವಿಷಯಕ್ಕೆ ಹೋಗುವುದು ಯಾವ ನಾಡಿನಲ್ಲಿಯೂ ಸೌಜನ್ಯವೆನಿಸದು. ಎದುರಿಗೆ ಬಂದವರನ್ನು ಗುರುತಿಸಿದ್ದೇನೆ, ಅವರಿಗೆ ಒಳಿತನ್ನು ಬಯಸುತ್ತೇನೆ ಎಂದು ತಿಳಿಸುವುದೇ ಆ ಮಾತಿನ ಕೆಲಸ. ಅಗಲುವಾಗ ಆಡುವ ಮಾತೂ ಹಾಗೆಯೇ. ಹೋಗುವವರ ದಾರಿ ಸುಗಮವಾಗಲಿ, ಮತ್ತೆ ಭೇಟಿಯಾಗುವಂತಾಗಲಿ ಎಂಬ ಹಾರೈಕೆ ಅದರಲ್ಲಿ ಅಡಗಿರುತ್ತದೆ. ಬ್ರಿಟನ್ ದ್ವೀಪದ ಪಶ್ಚಿಮ ಭಾಗದಲ್ಲಿರುವ ವೇಲ್ಸ್ ಎಂಬ ಪುಟ್ಟ ನಾಡಿನಲ್ಲಿ ಈ ಚಿಕ್ಕ ಮಾತಿಗೆ ಇನ್ನೂ ಒಂದು ಹೊಣೆ ಬಂದೊದಗಿದೆ. ಅಲ್ಲಿ ಮೊದಲ ಮಾತು ಯಾವ ಭಾಷೆಯದು ಎಂಬುದರ ಮೇಲೆ ಆ ನಾಡಿನ ನುಡಿಯ ಅಳಿವು ಉಳಿವುಗಳು ಬಹುಮಟ್ಟಿಗೆ ನಿಂತಿವೆ.

ವೇಲ್ಸ್ ಬೆಟ್ಟಗುಡ್ಡಗಳ ನಾಡು. ಹಸುರು ಇಳಿಜಾರುಗಳಲ್ಲಿ ಮೇಯುವ ಕುರಿಹಿಂಡುಗಳಿಗೂ, ದಕ್ಷಿಣದ ಕಣಿವೆಗಳಲ್ಲಿದ್ದ ಕಲ್ಲಿದ್ದಲ ಗಣಿಗಳಿಗೂ, ಉತ್ತರದ ಸ್ಲೇಟು ಕಲ್ಲಿಗೂ ಅದು ಹೆಸರಾಗಿದೆ. ಅಲ್ಲಿನ ಜನಸಂಖ್ಯೆ ಸುಮಾರು 31 ಲಕ್ಷ, ರಾಜಧಾನಿ ಕಾರ್ಡಿಫ್. ವೇಲ್ಸ್ ಎಂಬ ಹೆಸರು ಆ ಜನರು ತಾವೇ ಇಟ್ಟುಕೊಂಡದ್ದಲ್ಲ. ಜರ್ಮನಿಕ್ ಮೂಲದ ಆ ಪದಕ್ಕೆ 'ಪರಕೀಯರು' ಎಂಬ ಅರ್ಥವಿತ್ತು. ಹೊರಗಿನಿಂದ ಬಂದು ನೆಲೆಸಿದವರು ಮೊದಲೇ ಅಲ್ಲಿದ್ದವರನ್ನು ಪರಕೀಯರೆಂದು ಕರೆದದ್ದು ಇತಿಹಾಸದ ಒಂದು ವಿಚಿತ್ರ. ಆ ಜನರು ತಮ್ಮ ನಾಡನ್ನು 'ಕಮ್ರಿ' ಎಂದು ಕರೆದುಕೊಳ್ಳುತ್ತಾರೆ. 'ಒಂದೇ ನಾಡಿನವರು' ಎಂಬ ಅರ್ಥದ ಪ್ರಾಚೀನ ಪದದಿಂದ ಈ ಹೆಸರು ಬಂದಿದೆ. ಅವರ ಭಾಷೆಗೆ 'ಕಮ್ರೈಗ್' ಎಂದು ಹೆಸರು. ಹೊರಗಿನವರು ಅದನ್ನು ವೆಲ್ಷ್ ಭಾಷೆ ಎನ್ನುತ್ತಾರೆ.

ವೆಲ್ಷ್ ಇಂಗ್ಲಿಷಿನ ಉಪಭಾಷೆಯೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. ಅದು ಕೆಲ್ಟಿಕ್ ಎಂಬ ಬೇರೆಯೇ ಭಾಷಾಕುಟುಂಬಕ್ಕೆ ಸೇರಿದೆ. ಫ್ರಾನ್ಸಿನ ವಾಯವ್ಯ ಭಾಗದ ಬ್ರೆಟನ್ ಮತ್ತು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನಿಷ್ ಅದರ ಹತ್ತಿರದ ಬಂಧುಗಳು. ಈ ಕೆಲ್ಟಿಕ್ ಭಾಷೆಗಳು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದವುಗಳನ್ನು ಒಳಗೊಂಡ ವಿಶಾಲವಾದ ಇಂಡೋ-ಯೂರೋಪಿಯನ್ ಪರಿವಾರಕ್ಕೆ ಸೇರಿವೆ. ಈ ಸಂಬಂಧದತ್ತ ವಿದ್ವಾಂಸರ ಗಮನವನ್ನು ಸೆಳೆದವರಲ್ಲಿ ಪ್ರಮುಖರಾದ ಸರ್ ವಿಲಿಯಂ ಜೋನ್ಸ್ ವೇಲ್ಸ್ ಮೂಲದ ತಂದೆಯ ಮಗ. ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ಅವರು 1784ರಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದರು. 1786ರಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದೂ, ಕೆಲ್ಟಿಕ್ ಭಾಷೆಗಳೂ ಅದೇ ಮೂಲದವಿರಬಹುದೆಂದೂ ಅವರು ಸೂಚಿಸಿದರು. ವೆಲ್ಷ್ ವಂದನೆಗಳಲ್ಲಿಯೇ ಆ ನಂಟಿನ ಕುರುಹುಗಳನ್ನು ಕಾಣಬಹುದು.

ವೆಲ್ಷ್ ವಂದನೆಗಳಲ್ಲಿ ಮೊದಲು ಕಲಿಯಬೇಕಾದ ಪದ 'ದಾ'. ಅದರ ಅರ್ಥ 'ಒಳ್ಳೆಯದು' ಎಂದು. ಬೆಳಗ್ಗೆ ಎದುರಾದವರಿಗೆ 'ಬೊರೆ ದಾ' ಎಂದು ಹೇಳುತ್ತಾರೆ. 'ಬೊರೆ' ಎಂದರೆ ಬೆಳಗು. ಕನ್ನಡದಲ್ಲಿ ವಿಶೇಷಣವು ನಾಮಪದದ ಹಿಂದೆ ನಿಂತರೆ ವೆಲ್ಷಿನಲ್ಲಿ ಅದು ಸಾಮಾನ್ಯವಾಗಿ ನಾಮಪದದ ಮುಂದೆ ಬರುತ್ತದೆ. ಆದ್ದರಿಂದ 'ಬೊರೆ ದಾ' ಎಂಬುದನ್ನು ಪದಶಃ ಹೇಳಿದರೆ 'ಬೆಳಗು ಒಳ್ಳೆಯ' ಎಂದಾಗುತ್ತದೆ.

ಮಧ್ಯಾಹ್ನ ಕಳೆದ ಮೇಲೆ ಹೇಳುವ ಮಾತು 'ಪ್ರನ್‌ಹೌನ್ ದಾ'. ಈ ಮೊದಲ ಪದದ ಹಿಂದೆ ಒಂದು ಕಥೆಯೇ ಇದೆ. 'ಪ್ರೀದ್' ಎಂದರೆ ಹೊತ್ತು; 'ನೌನ್' ಎಂಬುದು ಒಂಬತ್ತನೆಯದು ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದು. ರೋಮನ್ನರು ಹಗಲನ್ನು ಸೂರ್ಯೋದಯದಿಂದ ಎಣಿಸುತ್ತಿದ್ದರು. ಒಂಬತ್ತನೆಯ ಗಳಿಗೆ ಬರುವಷ್ಟರಲ್ಲಿ ಮಧ್ಯಾಹ್ನ ಮೀರಿರುತ್ತಿತ್ತು. ರೋಮನ್ನರ ಆಳ್ವಿಕೆ ಬ್ರಿಟನ್ನಿನಲ್ಲಿ ಮುಗಿದು ಹದಿನಾರು ಶತಮಾನಗಳು ಕಳೆದಿವೆ. ಅವರ ಕೋಟೆಗಳು ಪಾಳುಬಿದ್ದಿವೆ. ಅವರ ಕಾಲಗಣನೆ ಮಾತ್ರ ವೇಲ್ಸಿನ ಹಳ್ಳಿಗನ ಬಾಯಲ್ಲಿ ಪ್ರತಿದಿನ ಕೇಳಿಬರುತ್ತದೆ. ವೆಲ್ಷಿನಲ್ಲಿ ಒಂಬತ್ತಕ್ಕೆ 'ನೌ' ಎನ್ನುತ್ತಾರೆ. ಸಂಸ್ಕೃತದ 'ನವ' ಎಂಬುದು ಅದರ ಜ್ಞಾತಿಪದ.

ಸಂಜೆ ಭೇಟಿಯಾದವರು 'ನೊಸ್‌ವೈಥ್ ಧಾ' ಎನ್ನುತ್ತಾರೆ. ರಾತ್ರಿ ಅಗಲುವಾಗ ಅಥವಾ ಮಲಗಲು ಹೋಗುವಾಗ ಆಡುವ ಮಾತು 'ನೋಸ್ ದಾ'. ಒಂದು ಬಂದಾಗಿನ ಮಾತು, ಇನ್ನೊಂದು ಹೋಗುವಾಗಿನ ಮಾತು. 'ನೋಸ್' ಎಂದರೆ ರಾತ್ರಿ. ಸಂಸ್ಕೃತದ 'ನಕ್ತ' ಎಂಬ ಪದವೂ ಇದೂ ಒಂದೇ ಬೇರಿನಿಂದ ಒಡೆದವು.

ಸಂಜೆಯ ವಂದನೆಯಲ್ಲಿ 'ದಾ' ಎಂಬುದು 'ಧಾ' ಎಂದಾದುದನ್ನು ಗಮನಿಸಬೇಕು. ಆ ಧ್ವನಿಗೆ ಸರಿಯಾದ ಅಕ್ಷರ ಕನ್ನಡದಲ್ಲಿಲ್ಲ. ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಮೃದುವಾಗಿ ಉಚ್ಚರಿಸಿದರೆ ಅದು ಹೊರಡುತ್ತದೆ. ವೆಲ್ಷ್ ಭಾಷೆಯಲ್ಲಿ ನಿರ್ಜೀವ ವಸ್ತುಗಳ ಹೆಸರಿಗೂ ಪುಲ್ಲಿಂಗ, ಸ್ತ್ರೀಲಿಂಗ ಎಂಬ ಭೇದವುಂಟು. 'ಬೊರೆ' ಪುಲ್ಲಿಂಗ, 'ನೊಸ್‌ವೈಥ್' ಸ್ತ್ರೀಲಿಂಗ. ಸ್ತ್ರೀಲಿಂಗ ಪದದ ಮುಂದೆ ಬರುವ ವಿಶೇಷಣದ ಮೊದಲ ವ್ಯಂಜನ ಮೃದುವಾಗುತ್ತದೆ. 'ನೋಸ್' ಕೂಡ ಸ್ತ್ರೀಲಿಂಗವೇ ಆದರೂ 'ನೋಸ್ ದಾ' ಎಂಬಲ್ಲಿ ಮಾತ್ರ ಹಳೆಯ ರೂಢಿಯಂತೆ 'ದಾ' ಬದಲಾಗದೆ ಉಳಿದಿದೆ.

ಪದದ ಆದಿಯಲ್ಲಿ ನಡೆಯುವ ಈ ಮಾರ್ಪಾಟು ವೆಲ್ಷ್ ಕಲಿಯುವ ಇಂಗ್ಲಿಷರನ್ನು ಬಹಳವಾಗಿ ಕಾಡುತ್ತದೆ. ಆದರೆ ಕನ್ನಡ ವ್ಯಾಕರಣವನ್ನು ಓದಿದವರಿಗೆ ಅದು ತೀರ ಹೊಸದೆನಿಸದು. ಮಳೆ, ಕಾಲ ಎಂಬ ಪದಗಳು ಕೂಡಿ 'ಮಳೆಗಾಲ' ಆಗುವಾಗ ಕಕಾರವು ಗಕಾರವಾಗುತ್ತದೆ. 'ಬೆಟ್ಟದಾವರೆ' ಎಂಬಲ್ಲಿ ತಕಾರವು ದಕಾರವಾಗುತ್ತದೆ. 'ಕಂಬನಿ' ಎಂಬಲ್ಲಿ ಪಕಾರವು ಬಕಾರವಾಗುತ್ತದೆ. ಇದಕ್ಕೆ ಆದೇಶ ಸಂಧಿ ಎಂದು ಹೆಸರು. ವೆಲ್ಷಿನ ಮೃದು ಮಾರ್ಪಾಟಿನಲ್ಲಿಯೂ ಕ, ತ, ಪ ಧ್ವನಿಗಳು ಕ್ರಮವಾಗಿ ಗ, ದ, ಬ ಆಗುತ್ತವೆ. 'ಮೆಲ್ವಾತು' ಎಂಬ ಹಳಗನ್ನಡದ ಪದದಲ್ಲಿ ಮಕಾರವು ವಕಾರವಾದಂತೆ ವೆಲ್ಷಿನಲ್ಲಿಯೂ ಮಕಾರವು ವಕಾರವಾಗುತ್ತದೆ. ಕನ್ನಡವು ದ್ರಾವಿಡ ಭಾಷೆಯಾದುದರಿಂದ ಇದು ರಕ್ತಸಂಬಂಧದ ಸಾಮ್ಯವಲ್ಲ. ಎರಡು ಸದ್ದುಗಳು ಒಂದಕ್ಕೊಂದು ತಾಗಿದಾಗ ಗಡಸು ಮೆತ್ತಗಾಗುವುದು ಮನುಷ್ಯರ ಬಾಯಿಗೆ ಸಹಜವಾದ ಧರ್ಮ, ಅಷ್ಟೆ.

ಇಂಗ್ಲೆಂಡಿನಿಂದ ವೇಲ್ಸಿಗೆ ಹೋಗುವ ರಸ್ತೆಗಳಲ್ಲಿ ಗಡಿಯ ಬಳಿ ನಿಲ್ಲಿಸಿದ ಫಲಕಗಳ ಮೇಲೆ ಇದೇ ನಿಯಮವನ್ನು ಕಾಣಬಹುದು. 'ಕ್ರೊಯ್‌ಸೊ ಇ ಗಮ್ರಿ' ಎಂದು ಅಲ್ಲಿ ಬರೆದಿರುತ್ತದೆ. 'ಕ್ರೊಯ್‌ಸೊ' ಎಂದರೆ ಸ್ವಾಗತ. 'ಇ' ಎಂಬುದು 'ಗೆ' ಎಂಬ ವಿಭಕ್ತಿಪ್ರತ್ಯಯದ ಕೆಲಸವನ್ನು ಮಾಡುವ ಪದ. ಅದರ ಪ್ರಭಾವದಿಂದ 'ಕಮ್ರಿ' ಎಂಬುದು 'ಗಮ್ರಿ' ಎಂದಾಗಿದೆ.

ಹೊತ್ತಿನ ಗೊಡವೆಯಿಲ್ಲದೆ ಎಲ್ಲ ವೇಳೆಯಲ್ಲಿಯೂ ಹೇಳಬಹುದಾದ ವಂದನೆಯೂ ವೆಲ್ಷಿನಲ್ಲಿದೆ. ದಕ್ಷಿಣದವರು ಅದನ್ನು 'ಶುಮೈ' ಎಂದೂ, ಉತ್ತರದವರು 'ಸಿಮೈ' ಅಥವಾ 'ಸ್ಮೈ' ಎಂದೂ ಉಚ್ಚರಿಸುತ್ತಾರೆ. 'ಸಿತ್ ಮೈ', ಅಂದರೆ 'ಹೇಗಿದೆ' ಎಂಬ ಎರಡು ಪದಗಳು ಆಡುಮಾತಿನಲ್ಲಿ ಸವೆದು ಒಂದಾಗಿವೆ. ಸವೆಯುವುದು ಮಾತಿನ ಕುಂದಲ್ಲ. ಹೆಚ್ಚು ಜನ ನಡೆದ ಮೆಟ್ಟಿಲು ಸವೆಯುವಂತೆ ಹೆಚ್ಚು ಜನ ಬಳಸಿದ ಮಾತೂ ಸವೆಯುತ್ತದೆ.

ಕುಶಲವನ್ನು ಇನ್ನೂ ಸ್ಪಷ್ಟವಾಗಿ ವಿಚಾರಿಸಬೇಕಾದರೆ ಎರಡು ಬಗೆಯ ಪ್ರಶ್ನೆಗಳಿವೆ. ಗೆಳೆಯರನ್ನೂ, ಮಕ್ಕಳನ್ನೂ, ಮನೆಯ ಆಪ್ತರನ್ನೂ 'ಸಿತ್ ಉಯ್ತ್ ತೀ' ಎಂದು ಕೇಳುತ್ತಾರೆ. ಹಿರಿಯರನ್ನೂ, ಅಪರಿಚಿತರನ್ನೂ, ಹಲವರನ್ನು ಒಟ್ಟಾಗಿಯೂ ಕೇಳುವಾಗ 'ಸಿತ್ ದೀಖ್ ಖೀ' ಎನ್ನುತ್ತಾರೆ. 'ತೀ' ಎಂದರೆ ನೀನು. 'ಖೀ' ಎಂದರೆ ನೀವು. ಇಂದಿನ ಇಂಗ್ಲಿಷಿನಲ್ಲಿ ಈ ಎರಡಕ್ಕೂ ಒಂದೇ ಪದವಿದೆ. ಕನ್ನಡದಲ್ಲಿಯೂ ವೆಲ್ಷಿನಲ್ಲಿಯೂ ಬಹುವಚನವೇ ಗೌರವದ ರೂಪವಾಗಿ ನಿಂತಿದೆ. ಇಂತಹ ಪ್ರಶ್ನೆಗೆ 'ದಾ ಯೌನ್, ದಿಯೊಲ್ಖ್' ಎಂಬುದು ವಾಡಿಕೆಯ ಉತ್ತರ. ಬಹಳ ಚೆನ್ನಾಗಿದ್ದೇನೆ, ಕೃತಜ್ಞತೆಗಳು ಎಂದು ಅದರ ಅರ್ಥ. ಕೃತಜ್ಞತೆಯನ್ನು ಇನ್ನಷ್ಟು ಒತ್ತಿ ಹೇಳಬೇಕಾದಾಗ 'ದಿಯೊಲ್ಖ್ ಅನ್ ವೌರ್' ಎನ್ನುವರು. 'ಮೌರ್' ಎಂದರೆ ದೊಡ್ಡದು. ಅದೇ ಇಲ್ಲಿ 'ವೌರ್' ಆಗಿದೆ.

ಹಬ್ಬ ಹರಿದಿನಗಳಿಗೆ ಬೇರೆಯೇ ಹಾರೈಕೆಗಳಿವೆ. ಕ್ರಿಸ್ಮಸ್ ಹಬ್ಬದಲ್ಲಿ 'ನದೊಲಿಗ್ ಲ್ಹಾವೆನ್' ಎಂದು ಹೇಳುತ್ತಾರೆ. ಎರಡನೆಯ ಪದದ ಮೊದಲ ಧ್ವನಿ ವೆಲ್ಷಿನ ವಿಶಿಷ್ಟ ಧ್ವನಿ. ನಾಲಗೆಯನ್ನು ಲಕಾರದ ಸ್ಥಾನದಲ್ಲಿಟ್ಟು ದನಿಯಿಲ್ಲದೆ ಉಸಿರನ್ನು ಪಕ್ಕದಿಂದ ಊದಿದರೆ ಅದು ಬರುತ್ತದೆ. ಹೊಸ ವರ್ಷದ ದಿನ 'ಬ್ಲೂಯ್ಧಿನ್ ನೆವಿಧ್ ಧಾ' ಎಂಬ ಹಾರೈಕೆ ಎಲ್ಲೆಡೆಯೂ ಕೇಳಿಬರುತ್ತದೆ. 'ನೆವಿಧ್' ಎಂದರೆ ಹೊಸತು. ಸಂಸ್ಕೃತದ 'ನವ್ಯ' ಇದರ ಸೋದರಪದ. ಹಿಂದೆ ಆ ದಿನ ಮುಂಜಾನೆ ಮಕ್ಕಳು ಮನೆಮನೆಗೆ ಹೋಗಿ ಹಾಡಿ, ಹೊಸ ವರ್ಷದ ಶುಭವನ್ನು ಕೋರಿ, 'ಕಲೆನ್ನಿಗ್' ಎಂಬ ಕಾಣಿಕೆಯನ್ನು ಪಡೆಯುತ್ತಿದ್ದರು. ಕೆಲವು ಕಡೆ ಆ ಪದ್ಧತಿ ಇಂದಿಗೂ ಉಳಿದಿದೆ. ಗ್ವೈನ್ ಕಣಿವೆಯ ಜನರು ಹಳೆಯ ಪಂಚಾಂಗದಂತೆ ಜನವರಿ 13ರಂದು ಹೊಸ ವರ್ಷವನ್ನು ಆಚರಿಸುತ್ತಾರೆ. ಪಾನೀಯದ ಬಟ್ಟಲನ್ನು ಎತ್ತಿ ಹಿಡಿದು 'ಯೆಖಿದ್ ದಾ' ಎನ್ನುವುದೂ ಒಂದು ಹಾರೈಕೆಯೇ. 'ಒಳ್ಳೆಯ ಆರೋಗ್ಯ' ಎಂದು ಅದರ ಅರ್ಥ.

ಇನ್ನು ವಿದಾಯದ ಮಾತುಗಳು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 'ಹೂಯ್ಲ್'. ಈ ಒಂದು ಪದಕ್ಕೆ ಹಲವು ಅರ್ಥಗಳಿವೆ. ಹಡಗಿನ ಹಾಯಿ ಎಂಬುದು ಒಂದು. ಮನಸ್ಸಿನ ಸ್ಥಿತಿ, ಉಲ್ಲಾಸ, ವಿನೋದ ಎಂಬವು ಬೇರೆ ಅರ್ಥಗಳು. ಪ್ರಾರ್ಥನಾಮಂದಿರದಲ್ಲಿ ಬೋಧಕನು ಆವೇಶಗೊಂಡು ರಾಗವಾಗಿ ಮಾತನಾಡತೊಡಗಿದರೆ ಅದಕ್ಕೂ 'ಹೂಯ್ಲ್' ಎಂದೇ ಹೆಸರು. ಗಾಳಿ ತುಂಬಿದ ಹಾಯಿಗೂ ಉತ್ಸಾಹ ತುಂಬಿದ ಮನಸ್ಸಿಗೂ ಇರುವ ಹೋಲಿಕೆಯನ್ನು ಕಂಡರೆ ಈ ಅರ್ಥಗಳು ಒಂದೆಡೆ ಸೇರಿದುದರಲ್ಲಿ ಆಶ್ಚರ್ಯವಿಲ್ಲ. ಅಗಲುವವರು 'ಹೂಯ್ಲ್' ಎಂದಷ್ಟೇ ಹೇಳಬಹುದು, ಇಲ್ಲವೆ 'ಹೂಯ್ಲ್ ವೌರ್' ಎನ್ನಬಹುದು. ಪರೀಕ್ಷೆಗೋ ದೂರದ ಪ್ರಯಾಣಕ್ಕೋ ಹೊರಟವರಿಗೆ 'ಪೋಬ್ ಹೂಯ್ಲ್', ಅಂದರೆ 'ಸಕಲ ಶುಭವಾಗಲಿ' ಎಂದು ಹಾರೈಸುವರು.

'ದಾ ಬೋಖ್ ಖೀ' ಎಂಬುದು ಇನ್ನೂ ಗಂಭೀರವಾದ ವಿದಾಯ. ಒಳ್ಳೆಯ ಸ್ಥಿತಿಯಲ್ಲಿ ನೀವು ಇರುವಂತಾಗಲಿ ಎಂದು ಅದರ ಅರ್ಥ. ಆಪ್ತರಿಗೆ 'ದಾ ಬೋ ತೀ' ಎಂದರೆ ಸಾಕು. ಇಲ್ಲಿ ಬರುವ ಕ್ರಿಯಾಪದ ಹಾರೈಕೆಯ ಅರ್ಥದಲ್ಲಿ ಬರುವ ಹಳೆಯ ರೂಪ. ಇಂದಿನ ಆಡುಮಾತಿನಲ್ಲಿ ಆ ರೂಪ ಬಹುಮಟ್ಟಿಗೆ ಮರೆಯಾಗಿ ಇಂತಹ ಕೆಲವು ನುಡಿಗಟ್ಟುಗಳಲ್ಲಿ ಮಾತ್ರ ಉಳಿದಿದೆ. ಸಲಿಗೆಯವರು 'ವೆಲಾ ಈ ದೀ' ಎಂದೂ ಹೇಳುವುದುಂಟು. 'ನಿನ್ನನ್ನು ಮತ್ತೆ ಕಾಣುವೆ' ಎಂಬ ಈ ಮಾತಿನಲ್ಲಿ ವಿದಾಯವೇ ಮುಂದಿನ ಭೇಟಿಯ ಭರವಸೆಯಾಗುತ್ತದೆ.

ಇಷ್ಟು ಸರಳವಾದ, ಇಷ್ಟು ಸೌಜನ್ಯದ ಮಾತುಗಳನ್ನು ಬಾಯಿಬಿಟ್ಟು ಆಡಲು ಹಿಂಜರಿಯಬೇಕಾದ ಕಾಲವೂ ವೇಲ್ಸಿಗೆ ಬಂದಿತ್ತು. 1536 ಮತ್ತು 1543ರ ಶಾಸನಗಳು ವೇಲ್ಸನ್ನು ಇಂಗ್ಲೆಂಡಿನ ಆಡಳಿತಕ್ಕೆ ಪೂರ್ಣವಾಗಿ ಸೇರಿಸಿದವು. ನ್ಯಾಯಾಲಯಗಳ ಭಾಷೆ ಇಂಗ್ಲಿಷ್ ಆಯಿತು. ಇಂಗ್ಲಿಷ್ ಬಳಸದವರಿಗೆ ಸರ್ಕಾರಿ ಅಧಿಕಾರದ ಬಾಗಿಲು ಮುಚ್ಚಿತು. ಆ ಕಷ್ಟಕಾಲದಲ್ಲಿ ಭಾಷೆಗೆ ಆಸರೆಯಾದುದು 1588ರಲ್ಲಿ ವಿಲಿಯಂ ಮಾರ್ಗನ್ ಪ್ರಕಟಿಸಿದ ಬೈಬಲಿನ ಅನುವಾದ. ಹಳ್ಳಿಯ ಪ್ರಾರ್ಥನಾಮಂದಿರಗಳಲ್ಲಿ ವೆಲ್ಷ್ ಗೌರವದ ಭಾಷೆಯಾಗಿ ಉಳಿಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಶಾಲೆಗಳು ಹರಡಿದಾಗ ಮತ್ತೊಂದು ಪೆಟ್ಟು ಬಿತ್ತು. 1847ರಲ್ಲಿ ಪ್ರಕಟವಾದ ಸರ್ಕಾರಿ ವರದಿಯೊಂದು ಜನರ ಹಿಂದುಳಿದಿರುವಿಕೆಗೆ ಅವರ ಭಾಷೆಯೂ ಕಾರಣವೆಂದು ದೂರಿತು. ಆ ಶತಮಾನದ ಹಲವು ಶಾಲೆಗಳಲ್ಲಿ 'ವೆಲ್ಷ್ ನಾಟ್' ಎಂಬ ಕ್ರೂರ ಪದ್ಧತಿಯಿತ್ತು. ವೆಲ್ಷ್ ಮಾತನಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುತ್ತಿದ್ದರು. ಇನ್ನೊಂದು ಮಗು ವೆಲ್ಷ್ ಆಡಿದರೆ ಆ ತುಂಡು ಅದರ ಕೊರಳಿಗೆ ಹೋಗುತ್ತಿತ್ತು. ಶಾಲೆ ಬಿಡುವ ಹೊತ್ತಿಗೆ ಅದು ಯಾರ ಬಳಿ ಇರುತ್ತಿತ್ತೋ ಅವರಿಗೆ ಶಿಕ್ಷೆ. ಗೆಳೆಯನಿಗೆ ತಾಯ್ನುಡಿಯಲ್ಲಿ ಒಂದು ಮಾತು ಹೇಳುವುದೂ ಹೀಗೆ ಅಪರಾಧವಾಯಿತು. ಇಂಗ್ಲಿಷ್ ಕಲಿತರೆ ಮಕ್ಕಳು ಮುಂದೆ ಬಂದಾರೆಂದು ಎಷ್ಟೋ ತಂದೆತಾಯಿಗಳು ಇದಕ್ಕೆ ಸಮ್ಮತಿಸಿದರು ಎಂಬುದು ಇನ್ನೂ ದುಃಖದ ಸಂಗತಿ.

ಇದರ ಫಲವನ್ನೂ, ಕೈಗಾರಿಕೆ ಮತ್ತು ವಲಸೆಗಳ ಪ್ರಭಾವವನ್ನೂ ಜನಗಣತಿಯ ಅಂಕಿಗಳು ಹೇಳುತ್ತವೆ. 1901ರಲ್ಲಿ ವೇಲ್ಸಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ವೆಲ್ಷ್ ಬಲ್ಲವರಾಗಿದ್ದರು. 1981ರ ವೇಳೆಗೆ ಅವರ ಪ್ರಮಾಣ ಶೇಕಡಾ 19ಕ್ಕೆ ಇಳಿಯಿತು. 2021ರ ಗಣತಿಯಲ್ಲಿ ಅದು ಶೇಕಡಾ 17.8, ಅಂದರೆ ಸುಮಾರು 5 ಲಕ್ಷ 38 ಸಾವಿರ ಜನ.

ಈ ಇಳಿತವನ್ನು ಜನರು ಕೈಕಟ್ಟಿ ನೋಡುತ್ತ ಕುಳಿತಿರಲಿಲ್ಲ. ಭಾಷೆಯನ್ನು ಉಳಿಸಿಕೊಳ್ಳುವ ಆಸೆಯಿಂದ ಸುಮಾರು 150 ಮಂದಿ 1865ರಲ್ಲಿ 'ಮಿಮೋಸ' ಎಂಬ ಹಡಗನ್ನೇರಿ ದಕ್ಷಿಣ ಅಮೆರಿಕದ ಪಟಗೋನಿಯಕ್ಕೆ ಹೋಗಿ ನೆಲೆಸಿದರು. ಅರ್ಜೆಂಟೀನಕ್ಕೆ ಸೇರಿದ ಆ ಚುಬುಟ್ ಕಣಿವೆಯಲ್ಲಿ ಇಂದಿಗೂ ಸ್ಪ್ಯಾನಿಷ್ ವಂದನೆಯ ಜೊತೆಗೆ 'ಬೊರೆ ದಾ' ಎಂಬುದೂ ಕೇಳಿಬರುತ್ತದೆ. ನಾಡಿನಲ್ಲಿಯೇ ಉಳಿದವರ ಹೋರಾಟ ಬೇರೆ ಬಗೆಯದು. ಲ್ಹಾಂಗೆನ್ನೆಖ್ ಎಂಬ ಊರಿನ ಟ್ರೆವರ್ ಬೀಸ್ಲಿ ಮತ್ತು ಐಲೀನ್ ಬೀಸ್ಲಿ ದಂಪತಿಗಳು ತೆರಿಗೆಯ ಚೀಟಿ ವೆಲ್ಷಿನಲ್ಲಿಯೂ ಇರಬೇಕೆಂದು 1952ರಲ್ಲಿ ಕೇಳಿದರು. ಅದು ಬರುವವರೆಗೆ ತೆರಿಗೆ ಕಟ್ಟುವುದಿಲ್ಲವೆಂದರು. ಮತ್ತೆ ಮತ್ತೆ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಮನೆಯ ಸಾಮಾನುಗಳು ಜಪ್ತಿಯಾದವು. ಆದರೂ ಅವರು ಮಣಿಯಲಿಲ್ಲ. 1960ರಲ್ಲಿ ಎರಡೂ ಭಾಷೆಗಳಲ್ಲಿ ಅಚ್ಚಾದ ಚೀಟಿ ಅವರ ಮನೆಗೆ ಬಂದಿತು. 1962ರಲ್ಲಿ ಲೇಖಕ ಸಾಂಡರ್ಸ್ ಲೂಯಿಸ್ ಭಾಷೆಯ ಭವಿಷ್ಯವನ್ನು ಕುರಿತು ಮಾಡಿದ ರೇಡಿಯೋ ಉಪನ್ಯಾಸ ತರುಣರನ್ನು ಬಡಿದೆಬ್ಬಿಸಿತು. ಅದೇ ವರ್ಷ ವೆಲ್ಷ್ ಭಾಷಾ ಸಂಘ ಹುಟ್ಟಿತು. 1967 ಮತ್ತು 1993ರ ಶಾಸನಗಳು ಭಾಷೆಗೆ ಒಂದೊಂದಾಗಿ ಹಕ್ಕುಗಳನ್ನು ತಂದುಕೊಟ್ಟವು. 1982ರಲ್ಲಿ ವೆಲ್ಷ್ ದೂರದರ್ಶನ ವಾಹಿನಿ ಆರಂಭವಾಯಿತು. 2011ರ ಕಾನೂನು ವೆಲ್ಷಿಗೆ ವೇಲ್ಸಿನಲ್ಲಿ ಅಧಿಕೃತ ಸ್ಥಾನವನ್ನು ನೀಡಿತು.

ಕಾನೂನು ಹಕ್ಕನ್ನು ಕೊಡಬಲ್ಲುದು; ಬಾಯಿಗೆ ಮಾತನ್ನು ತರಲಾರದು. ವೇಲ್ಸಿನಲ್ಲಿ ವೆಲ್ಷ್ ಬಲ್ಲವರೆಲ್ಲರೂ ಇಂಗ್ಲಿಷನ್ನೂ ಬಲ್ಲರೆನ್ನಬಹುದು. ಅಂಗಡಿಯಲ್ಲಿಯೋ ಕಚೇರಿಯಲ್ಲಿಯೋ ಇಬ್ಬರು ಅಪರಿಚಿತರು ಎದುರಾದಾಗ ಎದುರಿನವರಿಗೆ ವೆಲ್ಷ್ ಬರುತ್ತದೆಯೋ ಇಲ್ಲವೋ ಎಂಬ ಸಂಶಯ ಇಬ್ಬರಿಗೂ ಇರುತ್ತದೆ. ಆ ಸಂಕೋಚದಿಂದ ಮೊದಲ ವಂದನೆ ಇಂಗ್ಲಿಷಿನಲ್ಲಿ ಹೊರಡುತ್ತದೆ. ಒಮ್ಮೆ ಹೀಗೆ ಆರಂಭವಾದರೆ ಮುಂದಿನ ಮಾತೆಲ್ಲವೂ ಇಂಗ್ಲಿಷಿನಲ್ಲಿಯೇ ಸಾಗುತ್ತದೆ. ಒಂದೇ ತಾಯ್ನುಡಿಯ ಇಬ್ಬರು ಅದನ್ನು ಅರಿಯದೆಯೇ ಅಗಲುತ್ತಾರೆ. ಭಾಷೆಯೊಂದು ನಿಷೇಧದಿಂದ ಮಾತ್ರವೇ ಅಳಿಯುವುದಿಲ್ಲ. ಹೀಗೆ ಸಂಕೋಚದಿಂದಲೂ ಅಳಿಯಬಹುದು.

ಇದನ್ನು ಅರಿತೇ ವೇಲ್ಸಿನಲ್ಲಿ ಕೆಲವು ಉಪಾಯಗಳನ್ನು ಹೂಡಿದ್ದಾರೆ. ವೆಲ್ಷ್ ಬಲ್ಲ ನೌಕರರು ಮಾತಿನ ಗುಳ್ಳೆಯ ಆಕಾರದ ಕಿತ್ತಳೆ ಬಣ್ಣದ ಬಿಲ್ಲೆಯನ್ನು ಎದೆಯ ಮೇಲೆ ಧರಿಸುತ್ತಾರೆ. ಅದನ್ನು ಕಂಡವರು ನಿಸ್ಸಂಕೋಚವಾಗಿ ವೆಲ್ಷಿನಲ್ಲಿ ಮಾತು ತೆಗೆಯಬಹುದು. 2011ರ ಕಾನೂನಿನ ಅಡಿಯಲ್ಲಿ ರೂಪುಗೊಂಡ ನಿಯಮಗಳು ಅನ್ವಯಿಸುವ ಸಾರ್ವಜನಿಕ ಸಂಸ್ಥೆಗಳು ದೂರವಾಣಿಯಲ್ಲಿ ಕರೆದವರನ್ನು ವೆಲ್ಷಿನಲ್ಲಿ ವಂದಿಸಬೇಕಾಗಿದೆ. 2013ರಿಂದ ಪ್ರತಿವರ್ಷ ಅಕ್ಟೋಬರ್ 15ನ್ನು 'ಶುಮೈ ಸಿಮೈ ದಿನ'ವೆಂದು ಆಚರಿಸುತ್ತಾರೆ. ಆ ದಿನ ಪ್ರತಿಯೊಂದು ಮಾತುಕತೆಯನ್ನೂ ವೆಲ್ಷ್ ವಂದನೆಯಿಂದಲೇ ಆರಂಭಿಸಬೇಕೆಂಬುದು ಅದರ ಆಶಯ. ಭಾಷೆಯನ್ನು ಪೂರ್ತಿ ಬಲ್ಲವರೂ, ಮರೆತವರೂ, ಈಗತಾನೆ ಕಲಿಯುತ್ತಿರುವವರೂ ಅದರಲ್ಲಿ ಪಾಲುಗೊಳ್ಳಬಹುದು. ಒಂದು ವಂದನೆಯನ್ನು ಹೇಳಲು ಪಾಂಡಿತ್ಯ ಬೇಕಿಲ್ಲವಲ್ಲ! 2050ರ ವೇಳೆಗೆ ವೆಲ್ಷ್ ಬಲ್ಲವರ ಸಂಖ್ಯೆ ಹತ್ತು ಲಕ್ಷವಾಗಬೇಕೆಂದು ವೇಲ್ಸ್ ಸರ್ಕಾರ 2017ರಲ್ಲಿ ಗುರಿಯನ್ನು ಹಾಕಿಕೊಂಡಿದೆ. ಆ ಗುರಿ ಈಡೇರಬೇಕಾದರೆ ಶಾಲೆಗಳೂ ಪುಸ್ತಕಗಳೂ ಬೇಕು, ನಿಜ. ಅದರೊಂದಿಗೆ ಬೀದಿಯಲ್ಲಿ ಎದುರಾದವರಿಗೆ ಮೊದಲು 'ಶುಮೈ' ಎನ್ನುವ ಧೈರ್ಯವೂ ಬೇಕು.

ವಂದನೆಯ ಮಾತು ಮನೆಯ ಹೊಸ್ತಿಲಿನಂತೆ. ಹೊಸ್ತಿಲಿನ ಮೇಲೆ ಯಾರೂ ವಾಸಿಸುವುದಿಲ್ಲ, ಅದನ್ನು ದಾಟದೆ ಯಾರೂ ಒಳಗೆ ಬರುವುದೂ ಇಲ್ಲ. ಒಂದು ಕಾಲಕ್ಕೆ ಶಾಲೆಯ ಮಕ್ಕಳ ಕೊರಳಿಗೆ ಮರದ ತುಂಡನ್ನು ಕಟ್ಟಿಸಿದ ನುಡಿಯಲ್ಲಿಯೇ ಇಂದು ವೇಲ್ಸಿನ ಶಿಕ್ಷಕರು ತರಗತಿಗೆ ಬಂದು 'ಬೊರೆ ದಾ' ಎನ್ನುತ್ತಾರೆ, ಮಕ್ಕಳು ಒಕ್ಕೊರಲಿನಿಂದ 'ಬೊರೆ ದಾ' ಎಂದು ಉತ್ತರ ಕೊಡುತ್ತಾರೆ. ಆ ಉತ್ತರ ಕೇಳಿಬರುತ್ತಿರುವವರೆಗೆ ಆ ನುಡಿಗೆ ವಿದಾಯ ಹೇಳಬೇಕಾಗಿಲ್ಲ.